ರಚ್ಚೆಯೂ ಪಾಟಿಯೂ: ಎರಡು ವರ್ಷದ ಮಗುವಿನ ಒಳಗೆ ನಡೆಯುವುದೇನು?

ಮಗುವಿಗೆ ಎರಡು ತುಂಬುವ ಹೊತ್ತಿಗೆ ಹೆತ್ತವರಿಗೆ ಎರಡು ತಲೆನೋವು ಒಟ್ಟಿಗೇ ಶುರುವಾಗುತ್ತವೆ. ಒಂದು, ಏನೂ ಇಲ್ಲದ್ದಕ್ಕೆ ನೆಲಕ್ಕೆ ಬಿದ್ದು ಹೊರಳಾಡುವ ಮಗುವನ್ನು ಸಂಭಾಳಿಸುವುದು. ಇನ್ನೊಂದು, ಡೈಪರ್ ಬಿಡಿಸುವುದು. ಪ್ಲೇಸ್ಕೂಲಿನವರು ‘ಡೈಪರ್ ಬಿಟ್ಟಾಯ್ತಾ?’ ಅಂತ ಕೇಳುತ್ತಾರೆ. ಇನ್ಯಾರದೋ ಮಗು ಆಗಲೇ ತಾನೇ ಹೋಗಿ ಪಾಟಿ (ಮಕ್ಕಳ ಪುಟ್ಟ ಕಮೋಡು) ಮೇಲೆ ಕೂರುತ್ತಂತೆ ಎಂಬ ಸುದ್ದಿಯೂ ಬರುತ್ತದೆ. ಇಲ್ಲಿ ನೋಡಿದರೆ ಪಾಟಿ ಕಂಡ ಕೂಡಲೇ ಮಗು ಮೈ ಸೆಟೆಸಿಕೊಂಡು ಕಿರುಚುತ್ತದೆ.

ಈ ಎರಡೂ ಒಂದೇ ವಯಸ್ಸಿನಲ್ಲಿ ಬರುವುದಕ್ಕೆ ಕಾರಣ ಇದೆ. ತನ್ನ ಮೈ ಮೇಲೆ, ತನ್ನ ದಿನದ ಮೇಲೆ ತನಗೂ ಹಿಡಿತ ಬೇಕು ಅಂತ ಮಗುವಿಗೆ ಅನ್ನಿಸಲು ಶುರುವಾಗುವುದು ಈಗಲೇ. ಆದರೆ ಆ ಹಿಡಿತಕ್ಕೆ ಬೇಕಾದ ಮಿದುಳು, ಮಾತು, ಸ್ನಾಯು ಯಾವುದೂ ಇನ್ನೂ ಪೂರ್ತಿ ತಯಾರಾಗಿರುವುದಿಲ್ಲ. ಹಾಗಾಗಿ ಮಗುವಿಗೆ ‘ಆಗುತ್ತಿಲ್ಲ’ ಅನ್ನುವುದೂ ಮಗು ‘ಮಾಡುತ್ತಿಲ್ಲ’ ಅನ್ನುವುದೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ದೊಡ್ಡವರು ಎಡವುವುದು ಬಹುಪಾಲು ಇಲ್ಲೇ.

## ರಚ್ಚೆ ಅಂದರೆ ಯಾವುದು?

ಸುಮ್ನೆ ಅಳುವುದೆಲ್ಲ ರಚ್ಚೆ ಅಲ್ಲ. ಮಗು ತನ್ನ ಮೇಲಿನ ಹತೋಟಿ ಕಳೆದುಕೊಂಡು ಕಿರುಚುತ್ತದೆ, ಕಾಲು ಝಾಡಿಸುತ್ತದೆ, ನೆಲಕ್ಕೆ ಬೀಳುತ್ತದೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತದೆ. ಕೆಲವೊಮ್ಮೆ ಹೊಡೆಯುತ್ತದೆ, ಕಚ್ಚುತ್ತದೆ. ಇದು ರಚ್ಚೆ. ಸಾಮಾನ್ಯವಾಗಿ 12ರಿಂದ 18 ತಿಂಗಳ ನಡುವೆ ಶುರುವಾಗುತ್ತದೆ. 2ರಿಂದ 3 ವರ್ಷದಲ್ಲಿ ಜೋರಾಗಿರುತ್ತದೆ. 4 ದಾಟುವ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ಇಳಿಯುತ್ತದೆ. ಬಹುತೇಕ ರಚ್ಚೆ 5 ನಿಮಿಷದೊಳಗೆ ಮುಗಿದುಹೋಗುತ್ತದೆ. ಎದುರು ನಿಂತವರಿಗೆ ಅದೇ ಅರ್ಧ ಗಂಟೆ ಅನ್ನಿಸುತ್ತದೆ, ಆ ಮಾತು ಬೇರೆ.

ಒಂದು ಉದಾಹರಣೆ ನೋಡಿ. ಲಿಫ್ಟ್ ಹತ್ತಿದ ಅಪ್ಪ ಅಭ್ಯಾಸಬಲದಿಂದ ಬಟನ್ ಒತ್ತುತ್ತಾನೆ. ಎರಡು ವರ್ಷದ ಮಗಳು ಬಟನ್ ನೋಡುತ್ತಾಳೆ, ಅದರಲ್ಲಿ ಹತ್ತಿದ ದೀಪ ನೋಡುತ್ತಾಳೆ, ‘ನಾನು! ನಾನು!’ ಅನ್ನುತ್ತಾ ಕುಸಿದು ಬೀಳುತ್ತಾಳೆ. ‘ಸರಿ ಪುಟ್ಟಿ, ಈಗ ನೀನು ಒತ್ತು’ ಅಂತ ಎತ್ತಿ ಹಿಡಿದರೆ ಒತ್ತುವುದಿಲ್ಲ. ಅಪ್ಪನ ಕೈಯನ್ನೇ ತಳ್ಳುತ್ತಾಳೆ. ಈಗಾಗಲೇ ಒತ್ತಿದ್ದನ್ನು ಒತ್ತಿಯೇ ಇಲ್ಲ ಅಂತ ಮಾಡಿಕೊಡಬೇಕು ಅವಳಿಗೆ. ಅದು ಯಾರ ಕೈಲಾದೀತು? ಲಿಫ್ಟಿನಲ್ಲಿದ್ದ ಉಳಿದವರು ತಲೆ ಬಗ್ಗಿಸಿ ಮೊಬೈಲ್ ನೋಡುತ್ತಾರೆ.

ಅಪ್ಪನಿಗೆ ಇದು ಒಂದು ಬಟನ್ ವಿಷಯ. ಮಗಳಿಗೆ ‘ನಾನೇ ಮಾಡ್ತೀನಿ’ ಅನ್ನುವುದರ ವಿಷಯ. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಈ ವಯಸ್ಸಿನ ಮುಖ್ಯ ಕೆಲಸವೇ ಇದು ಎಂದು ಗುರುತಿಸಿದ್ದ: ತಾನು ಬೇರೆ ಒಬ್ಬ ವ್ಯಕ್ತಿ, ತನ್ನ ಕೈಲೂ ಆಗುತ್ತದೆ ಅಂತ ಮಗು ಕಂಡುಕೊಳ್ಳುವುದು. ಅದಕ್ಕೆ ಅವಕಾಶ ತಪ್ಪುತ್ತಲೇ ಇದ್ದರೆ ಉಳಿಯುವುದು ನಾಚಿಕೆ ಮತ್ತು ಅನುಮಾನ ಅಂತ ಅವನ ಮಾತು. ಶೂ ತಾನೇ ಹಾಕಿಕೊಳ್ಳಬೇಕು, ಬಾಗಿಲು ತಾನೇ ತೆಗೆಯಬೇಕು, ಪಾಟಿಗೆ ಹೋಗಬೇಕೋ ಬೇಡವೋ ತಾನೇ ಹೇಳಬೇಕು. ಎಲ್ಲ ಒಂದೇ ಬೇರಿನಿಂದ ಬಂದದ್ದು.

## ತಲೆಯೊಳಗೆ ಆಗುವುದೇನು?

ಆಸೆ, ಭಯ, ಕೋಪ ಹುಟ್ಟಿಸುವ ಮಿದುಳಿನ ಭಾಗಗಳು ಚಿಕ್ಕ ವಯಸ್ಸಿಗೇ ಚುರುಕಾಗಿರುತ್ತವೆ. ಅವನ್ನು ತಡೆದು ‘ಸ್ವಲ್ಪ ನಿಲ್ಲು, ಆಮೇಲೆ’ ಅನ್ನುವ ಭಾಗ ಹಣೆಯ ಹಿಂದೆ ಇದೆ. ಅದಕ್ಕೆ ಪ್ರೀಫ್ರಾಂಟಲ್ ಕಾರ್ಟೆಕ್ಸ್ ಅನ್ನುತ್ತಾರೆ. ಅದು ಪೂರ್ತಿ ಬೆಳೆಯುವುದು ಸುಮಾರು 25ನೇ ವಯಸ್ಸಿನ ಆಸುಪಾಸಿನಲ್ಲಿ. ಎರಡು ವರ್ಷಕ್ಕೆ ಅದರ ಕೆಲಸ ಈಗಷ್ಟೇ ಶುರು. ಅಂದರೆ ಕೋಪ ಬರುವುದು ದೊಡ್ಡವರಷ್ಟೇ ಜೋರಾಗಿ, ತಡೆಯುವ ಶಕ್ತಿ ಮಾತ್ರ ಹೆಚ್ಚುಕಮ್ಮಿ ಇಲ್ಲ.

ಇದರ ಮೇಲೆ ಮಾತಿನ ಕೊರತೆ. ಎರಡು ವರ್ಷದ ಮಗು ಸುಮಾರು 50 ಪದ ಅಥವಾ ಅದಕ್ಕಿಂತ ಜಾಸ್ತಿ ಆಡಬಹುದು, ಎರಡೆರಡು ಪದ ಜೋಡಿಸಬಹುದು. ಆದರೆ ಅರ್ಥವಾಗುವುದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಏನು ಬೇಕು ಅಂತ ತನಗೆ ಗೊತ್ತು, ಹೇಳಲು ಬಾಯಿಗೆ ಪದ ಬರುವುದಿಲ್ಲ. ದೊಡ್ಡವರು ಮೂರು ಸಲ ತಪ್ಪಾಗಿ ಊಹಿಸುತ್ತಾರೆ. ನಾಲ್ಕನೇ ಸಲ ಕಿರುಚಾಟ. ಮಾತು ಬೆಳೆದ ಹಾಗೆ ರಚ್ಚೆ ಇಳಿಯುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಮಗು ಹಠ ಮಾಡುವುದೇ ಇಲ್ಲವಾ? ಮಾಡುತ್ತದೆ. ಬೇಕಾದ್ದನ್ನು ಪಡೆಯಲು ಅಳುವುದೂ ಉಂಟು. ಕಣ್ಣು ಮಾತ್ರ ನಿಮ್ಮ ಮೇಲೇ ಇರುತ್ತದೆ, ಬೇಕಾದ್ದು ಸಿಕ್ಕ ಕ್ಷಣ ಅಳು ಬಂದ್. ಆದರೆ ಹಠದಿಂದ ಶುರುವಾದದ್ದೂ ಸ್ವಲ್ಪ ಹೊತ್ತಿಗೆ ಮಗುವಿನ ಕೈ ಮೀರಿ ಹೋಗಬಹುದು. ಆಗ ಕೇಳಿದ್ದನ್ನೇ ಕೊಟ್ಟರೂ ಅದು ಎಸೆಯುತ್ತದೆ. ಲಿಫ್ಟಿನ ಮಗಳದ್ದು ಅದೇ ಘಟ್ಟ.

## ಕೋಪ ಬೇಗ ಇಳಿಯುತ್ತದೆ, ದುಃಖ ಉಳಿಯುತ್ತದೆ

ರಚ್ಚೆಯ ಬಗ್ಗೆ ಒಂದು ಚೆಂದದ ಸಂಶೋಧನೆ ಇದೆ. ಜೇಮ್ಸ್ ಗ್ರೀನ್, ಮೈಕೆಲ್ ಪೊಟೆಗಾಲ್ ಮತ್ತು ಅವರ ಜೊತೆಯವರು ಪುಟ್ಟ ಮಕ್ಕಳ ಬಟ್ಟೆಯೊಳಗೆ ಮೈಕ್ ಇಟ್ಟು, ಮನೆಯಲ್ಲಿ ರಚ್ಚೆ ಹಿಡಿದಾಗಿನ ಸದ್ದನ್ನು ರೆಕಾರ್ಡ್ ಮಾಡಿದರು. 2011ರಲ್ಲಿ ಅದು ಪ್ರಕಟವಾಯಿತು. ಕಿರುಚುವುದು, ಕೂಗುವುದು ಒಂದು ಗುಂಪು. ಅದು ಕೋಪ. ಬಿಕ್ಕುವುದು, ಗೋಳಾಡುವುದು ಇನ್ನೊಂದು ಗುಂಪು. ಅದು ದುಃಖ. ಮೊದಲು ಕೋಪ, ಆಮೇಲೆ ದುಃಖ ಅಂತ ಮುಂಚೆ ಅಂದುಕೊಂಡಿದ್ದರು. ಆದರೆ ಕಂಡದ್ದು ಬೇರೆ. ದುಃಖ ಶುರುವಿನಿಂದ ಕೊನೆವರೆಗೂ ಇರುತ್ತದೆ. ಅದರ ಮೇಲೆ ಕೋಪ ಸರ್ರನೆ ಏರಿ ಇಳಿಯುತ್ತದೆ.

ಕೋಪದ ತುದಿ ದಾಟಿದ ಮೇಲೆ ಉಳಿಯುವ ದುಃಖದಲ್ಲಿ ಮಗುವಿಗೆ ಬೇಕಾದ್ದು ಸಮಾಧಾನ. ಹಾಗಾಗಿ ದೊಡ್ಡವರ ಮೊದಲ ಕೆಲಸ ಆ ತುದಿ ಬೇಗ ದಾಟಲು ಬಿಡುವುದು. ನಾವು ಮಾಡುವುದು ಸಾಮಾನ್ಯವಾಗಿ ಅದರ ಉಲ್ಟಾ. ‘ಯಾಕೆ ಅಳ್ತಿದೀಯಾ? ಏನು ಬೇಕು? ಇದಾ? ಅದಾ? ಹೇಳಿದ್ರೆ ತಾನೆ ಗೊತ್ತಾಗೋದು?’ ಅಂತ ಪ್ರಶ್ನೆ ಮೇಲೆ ಪ್ರಶ್ನೆ. ಕಿರುಚುತ್ತಿರುವ ಮಗುವಿಗೆ ಪ್ರಶ್ನೆ ಅರ್ಥ ಮಾಡಿಕೊಂಡು ಉತ್ತರ ಹುಡುಕುವುದು ಆಗದ ಮಾತು. ಪ್ರತಿ ಪ್ರಶ್ನೆಗೂ ಕೋಪ ಮತ್ತೆ ಏರುತ್ತದೆ. ಉಪದೇಶವೂ ಅಷ್ಟೇ.

ಮಾಡಬೇಕಾದ್ದು ಕಡಿಮೆ. ತಾಗುವಂಥದ್ದೇನಾದರೂ ಹತ್ತಿರ ಇದ್ದರೆ ಸರಿಸಿ. ಹೊಡೆಯಲು ಬಂದರೆ ಕೈ ಮೆಲ್ಲಗೆ ಹಿಡಿದು ‘ಹೊಡೆಯೋಕೆ ಬಿಡಲ್ಲ’ ಅಂತ ಒಂದೇ ಸಲ ಹೇಳಿ. ಪಕ್ಕದಲ್ಲಿ ಕೆಳಗೆ ಕೂತುಕೊಳ್ಳಿ. ‘ನೀನೇ ಒತ್ತಬೇಕಿತ್ತು, ಅದಕ್ಕೆ ಕೋಪ ಬಂತು’ ಅಂತ ಒಂದು ಸಣ್ಣ ಮಾತು. ಆಮೇಲೆ ಸುಮ್ಮನಿರಿ. ಕೆಲವು ಮಕ್ಕಳಿಗೆ ಆ ಹೊತ್ತಿಗೆ ತಬ್ಬಿಕೊಂಡರೆ ಹಿತ, ಕೆಲವಕ್ಕೆ ಮುಟ್ಟಿದರೂ ಸಿಟ್ಟು. ನಿಮ್ಮ ಮಗು ಯಾವ ಥರ ಅಂತ ನಿಮಗೇ ಗೊತ್ತಿರುತ್ತದೆ. ಹೊರಗೆಲ್ಲೋ ಇದ್ದರೆ ಎತ್ತಿಕೊಂಡು ಜನ ಕಡಿಮೆ ಇರುವ ಕಡೆ ಹೋಗಿ. ನೋಡುವವರಿಗೆ ವಿವರಣೆ ಕೊಡುವ ಅಗತ್ಯ ಇಲ್ಲ.

ದೊಡ್ಡವರು ಕೂಗಾಡಿದರೆ? ಮಗು ಇನ್ನೂ ಜೋರಾಗುತ್ತದೆ, ಇಲ್ಲವೇ ಹೆದರಿ ಸುಮ್ಮನಾಗುತ್ತದೆ. ಹೆದರಿ ಸುಮ್ಮನಾದ ಮಗು ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳಲು ಕಲಿಯಲಿಲ್ಲ. ಈ ವಯಸ್ಸಿನ ಮಗು ಶಾಂತವಾಗುವುದು ಹತ್ತಿರದಲ್ಲಿ ಒಬ್ಬರು ಶಾಂತವಾಗಿದ್ದಾಗ. ಸಹನೆ ಪೂರ್ತಿ ಮುಗಿದಿದ್ದರೆ ಮನೆಯಲ್ಲಿ ಇನ್ನೊಬ್ಬರ ಕೈಗೆ ಕೊಡಿ. ಯಾರೂ ಇಲ್ಲದಿದ್ದರೆ ಮಗುವಿಗೆ ಅಪಾಯವಾಗದ ಹಾಗೆ ನೋಡಿಕೊಂಡು, ಎರಡು ನಿಮಿಷ ಬಾಗಿಲ ಆಚೆ ನಿಂತು ಬನ್ನಿ.

## ಕೇಳಿದ್ದು ಕೊಟ್ಟುಬಿಟ್ಟರೆ ಏನಾಗುತ್ತದೆ?

ಸಮಾಧಾನ ಮಾಡುವುದಕ್ಕೂ ಕೇಳಿದ್ದು ಕೊಡುವುದಕ್ಕೂ ವ್ಯತ್ಯಾಸ ಇದೆ. ಬಿಕ್ಕುತ್ತಿರುವ ಮಗುವನ್ನು ಎತ್ತಿಕೊಂಡರೆ ‘ಮುದ್ದು ಮಾಡಿ ಕೆಡಿಸಿದಿರಿ’ ಅನ್ನುವವರು ಇರುತ್ತಾರೆ. ಎತ್ತಿಕೊಂಡರೆ ಕೆಡುವುದಿಲ್ಲ. ಮೊಬೈಲ್ ಬೇಡ ಅಂದಿದ್ದು, ಅತ್ತ ಮೇಲೆ ಮೊಬೈಲ್ ಕೊಟ್ಟರೆ ಆಗ ಅಳುವಿಗೆ ಬೆಲೆ ಬರುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಯಾವಾಗಲೂ ಕೊಡುವುದಕ್ಕಿಂತ ಒಮ್ಮೊಮ್ಮೆ ಕೊಡುವುದು ಇನ್ನೂ ತೊಂದರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿತ್ತು. ಪ್ರತಿ ಸಲವೂ ಸಿಗುತ್ತಿದ್ದದ್ದು ನಿಂತರೆ ಪ್ರಯತ್ನ ಬೇಗ ನಿಲ್ಲುತ್ತದೆ. ಯಾವಾಗಲೋ ಒಮ್ಮೆ ಸಿಗುತ್ತಿದ್ದದ್ದು ನಿಂತರೆ ಪ್ರಯತ್ನ ಬಹಳ ಕಾಲ ಮುಂದುವರಿಯುತ್ತದೆ. ಮೂರು ಸಲ ಗಟ್ಟಿಯಾಗಿ ನಿಂತು, ನಾಲ್ಕನೇ ಸಲ ಸುಸ್ತಾಗಿ ಬಿಟ್ಟುಕೊಟ್ಟರೆ ಮಗು ಕಲಿಯುವುದು ಇಷ್ಟು: ಸಾಕಷ್ಟು ಹೊತ್ತು ಅತ್ತರೆ ಸಿಗುತ್ತದೆ.

ಇನ್ನೊಂದು ಮಾತನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು. ಇಲ್ಲಿವರೆಗೆ ಅಳುವಿಗೆ ಬಗ್ಗುತ್ತಿದ್ದವರು ಇನ್ನು ಬಗ್ಗುವುದಿಲ್ಲ ಅಂತ ತೀರ್ಮಾನಿಸಿದರೆ ಮೊದಲ ಕೆಲವು ದಿನ ರಚ್ಚೆ ಕಡಿಮೆಯಾಗುವ ಬದಲು ಜಾಸ್ತಿ ಆಗುತ್ತದೆ. ಹಳೇ ಉಪಾಯ ಯಾಕೆ ನಡೆಯುತ್ತಿಲ್ಲ ಅಂತ ಮಗು ಇನ್ನೂ ಜೋರು ಮಾಡಿ ನೋಡುತ್ತದೆ. ಎಷ್ಟೋ ಜನ ‘ಇದು ಕೆಲಸ ಮಾಡ್ತಿಲ್ಲ’ ಅಂತ ಬಿಡುವುದು ಸರಿಯಾಗಿ ಈ ಘಟ್ಟದಲ್ಲಿ.

ಆದ್ದರಿಂದ ಎಲ್ಲದಕ್ಕೂ ‘ಬೇಡ’ ಅನ್ನದಿರುವುದೇ ಜಾಣತನ. ಅಪಾಯದ್ದು, ಇನ್ನೊಬ್ಬರಿಗೆ ನೋವಾಗುವಂಥದ್ದು, ಮನೆಯವರೆಲ್ಲ ಒಪ್ಪಿದ ನಾಲ್ಕು ನಿಯಮ. ಇವಕ್ಕೆ ಗಟ್ಟಿ ನಿಲ್ಲಿ. ಶರ್ಟ್ ಉಲ್ಟಾ ಹಾಕಿಕೊಂಡೇ ಇರುತ್ತೇನೆ ಅಂದರೆ ಇರಲಿ ಬಿಡಿ. ಕೊನೆಗೆ ಹೇಗೂ ಒಪ್ಪುವುದಾದರೆ ಅಳು ಶುರುವಾಗುವ ಮುಂಚೆಯೇ ಒಪ್ಪಿಬಿಡಿ.

## ಶುರುವಾಗದ ಹಾಗೆ ನೋಡಿಕೊಳ್ಳುವುದು

ಫ್ಲಾರೆನ್ಸ್ ಗುಡ್‌ಇನಫ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ತಾಯಂದಿರಿಂದ ಮಕ್ಕಳ ಕೋಪದ ದಿನಚರಿ ಬರೆಸಿ 1931ರಲ್ಲೇ ಅಧ್ಯಯನ ಪ್ರಕಟಿಸಿದ್ದರು. ಊಟದ ಹೊತ್ತಿಗೆ ಮುಂಚೆ ಕೋಪ ಜಾಸ್ತಿ ಅಂತ ಅದರಲ್ಲಿ ಕಂಡಿತ್ತು. ಹಸಿವು, ನಿದ್ದೆ, ಆಯಾಸ, ಹುಷಾರಿಲ್ಲದಿರುವುದು. ಇಂದಿಗೂ ಮೊದಲು ನೋಡಬೇಕಾದ್ದು ಇವೇ. ನಿದ್ದೆಯ ಹೊತ್ತಿಗೆ ಮಗುವನ್ನು ಶಾಪಿಂಗ್‌ಗೆ ಕರೆದುಕೊಂಡು ಹೋದರೆ ಯಾವ ತಂತ್ರವೂ ಉಳಿಸುವುದಿಲ್ಲ.

ಆಟ ನಿಲ್ಲಿಸಿ ಹೊರಡುವಾಗಲೂ ಕಷ್ಟ. ‘ಐದು ನಿಮಿಷ’ ಅಂದರೆ ಆ ವಯಸ್ಸಿಗೆ ಏನೂ ಅರ್ಥವಾಗುವುದಿಲ್ಲ. ‘ಇನ್ನು ಎರಡು ಸಲ ಜಾರುಬಂಡಿ, ಆಮೇಲೆ ಮನೆ’ ಅಂದರೆ ಅರ್ಥವಾಗುತ್ತದೆ. ಆಯ್ಕೆ ಕೊಡುವುದೂ ಒಳ್ಳೆಯದೇ, ಆದರೆ ಎರಡೇ ಇರಲಿ, ಎರಡೂ ನಿಮಗೆ ಒಪ್ಪಿಗೆಯಾಗುವಂಥವೇ ಇರಲಿ. ‘ಸ್ನಾನಕ್ಕೆ ಹೋಗೋಣ್ವಾ?’ ಅಂತ ಕೇಳಿದರೆ ಬರುವ ಉತ್ತರ ‘ಬೇಡ’. ‘ಸ್ನಾನಕ್ಕೆ ನಡ್ಕೊಂಡು ಬರ್ತೀಯಾ, ಎತ್ತಿಕೊಳ್ಳಲಾ?’ ಅಂದರೆ ಮಗುವಿಗೂ ಒಂದು ತೀರ್ಮಾನ ಸಿಗುತ್ತದೆ, ಸ್ನಾನವೂ ಆಗುತ್ತದೆ.

## ಅಳುತ್ತಾ ಉಸಿರು ಕಟ್ಟಿದರೆ

ಕೆಲವು ಮಕ್ಕಳು ಅಳುತ್ತಾ ಅಳುತ್ತಾ ಉಸಿರು ಬಿಟ್ಟು, ಮತ್ತೆ ಎಳೆದುಕೊಳ್ಳುವುದಿಲ್ಲ. ತುಟಿ ನೀಲಿಯಾಗುತ್ತದೆ, ಕೆಲವೊಮ್ಮೆ ಕೆಲ ಕ್ಷಣ ಎಚ್ಚರ ತಪ್ಪುತ್ತದೆ. ನೋಡಿದವರ ಜೀವ ಬಾಯಿಗೆ ಬರುತ್ತದೆ. ಇದು ಮಗು ಬೇಕೆಂದು ಮಾಡುವುದಲ್ಲ, ತಾನಾಗಿ ಆಗುವುದು. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಉಸಿರು ತಾನೇ ಮರಳುತ್ತದೆ. 6 ತಿಂಗಳಿಂದ 6 ವರ್ಷದ ನಡುವೆ ಕಾಣಿಸಿಕೊಂಡು ಆಮೇಲೆ ಹೋಗುತ್ತದೆ. ಮಗುವನ್ನು ಮಲಗಿಸಿ, ಅಲುಗಾಡಿಸಬೇಡಿ, ಬಾಯಿಗೆ ಏನೂ ಹಾಕಬೇಡಿ. ಮೊದಲ ಸಲ ಆದಾಗ ಡಾಕ್ಟರಿಗೆ ತೋರಿಸಲೇಬೇಕು. ಕಬ್ಬಿಣದ ಕೊರತೆ ಇರುವ ಮಕ್ಕಳಲ್ಲಿ ಇದು ಜಾಸ್ತಿ, ಕಬ್ಬಿಣದ ಔಷಧ ಕೊಟ್ಟಾಗ ಕಡಿಮೆಯಾಗುವುದೂ ಉಂಟು.

ರಚ್ಚೆಗಾಗಿ ಡಾಕ್ಟರ ಹತ್ತಿರ ಹೋಗಬೇಕಾದ್ದು ಯಾವಾಗ? ಮಗು ತನಗೆ ತಾನೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ, ಪ್ರತಿ ಸಲ 25 ನಿಮಿಷಕ್ಕಿಂತ ಜಾಸ್ತಿ ನಡೆಯುತ್ತಿದ್ದರೆ, ಯಾರ ಸಹಾಯವೂ ಇಲ್ಲದೆ ಒಮ್ಮೆಯೂ ಶಾಂತವಾಗದಿದ್ದರೆ, 4 ದಾಟಿದ ಮೇಲೂ ಜೋರಾಗುತ್ತಲೇ ಇದ್ದರೆ. ಮಾತು ತಡವಾಗಿದ್ದರೆ ಕಿವಿ ಕೇಳುವುದನ್ನೂ ಪರೀಕ್ಷೆ ಮಾಡಿಸಿ.

## ಡೈಪರ್ ಬಿಡಲು ಮೈಗೆ ಏನೇನು ಗೊತ್ತಿರಬೇಕು?

ಪಾಟಿಯಲ್ಲಿ ಸುಸು ಮಾಡುವುದು ನಮಗೆ ಒಂದೇ ಕೆಲಸ. ಮಗುವಿಗೆ ಅದು ಆರೇಳು ಕೆಲಸ. ಮೂತ್ರಕೋಶ ತುಂಬಿದ್ದು ಗೊತ್ತಾಗಬೇಕು. ಆಡುತ್ತಿದ್ದ ಆಟ ಬಿಡಬೇಕು. ಪಾಟಿವರೆಗೆ ಹಿಡಿದುಕೊಳ್ಳಬೇಕು. ಚಡ್ಡಿ ಇಳಿಸಬೇಕು. ಕೂರಬೇಕು. ಅಷ್ಟು ಹೊತ್ತು ಬಿಗಿಹಿಡಿದದ್ದನ್ನು ಈಗ ಸಡಿಲ ಬಿಡಬೇಕು. ಈ ಕೊನೆಯದು ನಾವು ಅಂದುಕೊಂಡಷ್ಟು ಸುಲಭ ಅಲ್ಲ. ಪಾಟಿ ಮೇಲೆ ಹತ್ತು ನಿಮಿಷ ಕೂತು ಏನೂ ಆಗದೆ, ಎದ್ದು ಚಾಪೆ ಮೇಲೆ ಸುಸು ಮಾಡುವ ಮಗುವಿಗೆ ಬೈಗುಳ ಗ್ಯಾರಂಟಿ. ಆದರೆ ಅಲ್ಲಿ ತುಂಟತನ ಏನೂ ಇಲ್ಲ. ಕೂತಾಗ ಬಿಗಿಯಾಗಿದ್ದ ಸ್ನಾಯು ಎದ್ದ ಮೇಲೆ ಸಡಿಲವಾಯಿತು, ಅಷ್ಟೇ.

ಮೂತ್ರಕೋಶದ ಬಾಯಿಯನ್ನು ಬಿಗಿಹಿಡಿಯುವ ಸ್ನಾಯುಗಳು ಎರಡು. ಒಳಗಿನದು ತಾನಾಗಿ ಕೆಲಸ ಮಾಡುತ್ತದೆ. ಹೊರಗಿನದು ನಮ್ಮ ಇಚ್ಛೆಯಂತೆ ನಡೆಯುವ ಸ್ನಾಯು. ಮಿದುಳಿಗೂ ಅದಕ್ಕೂ ನಂಟು ಗಟ್ಟಿಯಾಗುವವರೆಗೆ ಹಿಡಿದುಕೊಳ್ಳುವುದು ಕಲಿಸಿ ಬರುವಂಥದ್ದಲ್ಲ. ಎರಡು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದೇ ಸುಮಾರು 90ರಿಂದ 120 ಮಿ.ಲೀ., ಅಂದರೆ ಅರ್ಧ ಲೋಟದಷ್ಟು. ಅದಕ್ಕೇ ಈಗಷ್ಟೇ ಹೋಗಿ ಬಂದ ಮಗು ಮತ್ತೆ ಹೋಗಬೇಕು ಅನ್ನುತ್ತದೆ.

‘ನಮ್ಮ ಕಾಲದಲ್ಲಿ ಒಂದು ವರ್ಷಕ್ಕೇ ಕಲಿಸಿಬಿಡುತ್ತಿದ್ದೆವು’ ಅನ್ನುವ ಹಿರಿಯರು ಎಲ್ಲ ಕಡೆ ಇದ್ದಾರೆ. ಅವರು ಹೇಳುವುದು ಸುಳ್ಳಲ್ಲ. ಮಗುವಿನ ಮುಖ ನೋಡಿ, ಹೊತ್ತು ನೋಡಿ ಎತ್ತಿ ಹಿಡಿಯುತ್ತಿದ್ದರು, ಚಡ್ಡಿ ಒದ್ದೆಯಾಗುತ್ತಿರಲಿಲ್ಲ. ಅಲ್ಲಿ ಗಮನ ಇಟ್ಟದ್ದು ದೊಡ್ಡವರು. ಮಗು ತಾನೇ ತಿಳಿದು, ತಡೆದು, ಹೋಗುವುದು ಆಮೇಲಿನ ಮಾತು. ಎರಡನ್ನೂ ಒಂದೇ ಅಂದುಕೊಂಡು ಹೋಲಿಸಿದರೆ ಮನೆಯಲ್ಲಿ ಸುಮ್ನೆ ಜಗಳ.

## ಯಾವಾಗ ಶುರು ಮಾಡಬೇಕು?

ಅಮೆರಿಕದ ಮಕ್ಕಳ ಡಾಕ್ಟರ್ ಟಿ. ಬೆರ್ರಿ ಬ್ರೇಜಲ್ಟನ್ 1962ರಲ್ಲಿ 1,170 ಮಕ್ಕಳ ವಿವರ ಪ್ರಕಟಿಸಿದರು. ಒತ್ತಾಯ ಮಾಡದೆ, ಮಗು ತಯಾರಾದಾಗ ಶುರು ಮಾಡಿದ ಮಕ್ಕಳವು. ಹಗಲು ಡೈಪರ್ ಇಲ್ಲದೆ ಇರಲು ಕಲಿತ ಸರಾಸರಿ ವಯಸ್ಸು 28.5 ತಿಂಗಳು. 2003ರಲ್ಲಿ ಅಮೆರಿಕದಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ, 27 ತಿಂಗಳಿಗೆ ಮುಂಚೆ ಪಟ್ಟು ಹಿಡಿದು ಶುರು ಮಾಡಿದ್ದರಿಂದ ಹೆಚ್ಚು ಲಾಭವೇನೂ ಕಾಣಲಿಲ್ಲ. ಕಲಿಯಲು ತೆಗೆದುಕೊಂಡ ಕಾಲ ಮಾತ್ರ ಉದ್ದವಾಗಿತ್ತು. ಹೆಣ್ಣುಮಕ್ಕಳು ಸರಾಸರಿ ಎರಡು ಮೂರು ತಿಂಗಳು ಮುಂಚೆ ಕಲಿಯುತ್ತಾರೆ.

ವಯಸ್ಸಿಗಿಂತ ಮಗುವನ್ನೇ ನೋಡುವುದು ಒಳ್ಳೆಯದು. ಎರಡು ಗಂಟೆಯಾದರೂ ಡೈಪರ್ ಒಣಗಿಯೇ ಇರುತ್ತಾ? ಮಾಡುವ ಮುಂಚೆ ಅಥವಾ ಮಾಡುವಾಗ ಆಟ ನಿಲ್ಲಿಸಿ ಮುಖ ಬೇರೆ ಮಾಡುತ್ತಾ, ಮೂಲೆಗೆ ಹೋಗುತ್ತಾ? ಒದ್ದೆಯಾದರೆ ಕಿರಿಕಿರಿಯಾಗಿ ಬದಲಿಸು ಅನ್ನುತ್ತಾ? ಚಡ್ಡಿ ತಾನೇ ಇಳಿಸಲು ಬರುತ್ತಾ? ‘ಚೆಂಡು ತಗೊಂಡು ಬಾ’ ಅಂದರೆ ತರುತ್ತಾ? ಇವುಗಳಲ್ಲಿ ಹೆಚ್ಚಿನವಕ್ಕೆ ಹೌದು ಅಂದರೆ ಶುರು ಮಾಡಬಹುದು. ಮನೆಗೆ ಹೊಸ ಪಾಪು ಬರುವ, ಮನೆ ಬದಲಿಸುವ ತಿಂಗಳಲ್ಲಿ ಮಾತ್ರ ಬೇಡ.

ಶುರು ಮಾಡುವುದಕ್ಕೆ ದೊಡ್ಡ ಏರ್ಪಾಡು ಬೇಡ. ಪಾಟಿಯನ್ನು ಕಣ್ಣಿಗೆ ಬೀಳುವ ಕಡೆ ಇಡಿ, ಮೊದಲು ಬಟ್ಟೆ ಹಾಕಿಕೊಂಡೇ ಕೂರಲಿ, ಗೊಂಬೆಯನ್ನು ಕೂರಿಸಲಿ. ಆಮೇಲೆ ಎದ್ದ ಕೂಡಲೇ, ಊಟವಾದ ಮೇಲೆ, ಸ್ನಾನಕ್ಕೆ ಮುಂಚೆ ಕೂರಿಸಿ. ಎರಡು ಮೂರು ನಿಮಿಷ ಸಾಕು. ಗಂಡುಮಕ್ಕಳೂ ಮೊದಲು ಕೂತೇ ಕಲಿಯಲಿ. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ಒರೆಸುವ ಅಭ್ಯಾಸ ಮಾಡಿಸಿ, ಮೂತ್ರದ ಸೋಂಕು ತಪ್ಪುತ್ತದೆ. ಗುಂಡಿ, ಲಾಡಿ ಇರುವ ಬಟ್ಟೆ ಬೇಡ. ಎಳೆದರೆ ಇಳಿಯುವ ಚಡ್ಡಿ ಹಾಕಿ.

ಒಂದು ವಿಷಯದಲ್ಲಿ ಕೈ ಬಿಗಿ ಇರಲಿ: ಕೇಳುವುದು. ಅರ್ಧ ಗಂಟೆಗೊಮ್ಮೆ ‘ಸುಸು ಬಂತಾ?’ ಅಂತ ಕೇಳುತ್ತಿದ್ದರೆ ಮಗು ‘ಇಲ್ಲ’ ಅನ್ನುವುದನ್ನೇ ಕಲಿಯುತ್ತದೆ. ತನ್ನ ಮೈ ಏನು ಹೇಳುತ್ತಿದೆ ಅಂತ ಅದು ಕೇಳಿಸಿಕೊಳ್ಳಬೇಕು, ನಿಮ್ಮ ಅಲಾರಂ ಅಲ್ಲ. ಒದ್ದೆಯಾದರೆ ‘ಸುಸು ಆಯ್ತು, ಬಾ ಒಣ ಚಡ್ಡಿ ಹಾಕೋಣ, ಇನ್ನೊಂದು ಸಲ ಪಾಟಿಯಲ್ಲಿ’ ಅಷ್ಟು ಸಾಕು. ನಾಚಿಕೆ ಪಡಿಸುವುದು, ಹೊಡೆಯುವುದು ಬೇಡವೇ ಬೇಡ. ಪುಟ್ಟ ಮಕ್ಕಳು ದೊಡ್ಡವರ ಕೈಯಲ್ಲಿ ಪೆಟ್ಟು ತಿನ್ನುವ ಸಂದರ್ಭಗಳಲ್ಲಿ ಇದೂ ಒಂದು ಅಂತ ಮಕ್ಕಳ ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತು.

## ಸುಸು ಕಲಿತರೂ ಕಕ್ಕ ಮಾತ್ರ ಡೈಪರಿನಲ್ಲೇ

ಹೆತ್ತವರು ಸೋಲುವ ಜಾಗ ಇದು. ಸುಸುಗೆ ಓಡಿ ಹೋಗುವ ಮಗು, ಕಕ್ಕ ಬಂದರೆ ‘ಡೈಪರ್ ಹಾಕು’ ಅಂತ ಅಳುತ್ತದೆ. ಹಾಕಿದರೆ ಪರದೆಯ ಹಿಂದೆ ಹೋಗಿ, ಸೋಫಾ ಹಿಡಿದು ನಿಂತು ಮಾಡಿ ಬರುತ್ತದೆ. ಇದು ಅಪರೂಪವೇನಲ್ಲ. ಸುಮಾರು ಐದು ಮಕ್ಕಳಲ್ಲಿ ಒಂದು ಈ ಘಟ್ಟ ದಾಟಿಯೇ ಬರುತ್ತದೆ.

ಹೆಚ್ಚಿನ ಸಲ ಕಥೆ ಶುರುವಾಗುವುದು ಒಂದು ನೋವಿನಿಂದ. ಒಂದು ದಿನ ಗಟ್ಟಿ ಕಕ್ಕ ಬಂತು, ಉರಿಯಿತು, ಒಂಚೂರು ರಕ್ತವೂ ಬಂದಿರಬಹುದು. ಮಗು ತೀರ್ಮಾನ ಮಾಡಿತು: ಇನ್ನು ಬಿಡಲ್ಲ. ಮುಂದಿನ ಸಲ ಬಂದಾಗ ಕಾಲಿಗೆ ಕಾಲು ಬಿಗಿದು, ತುದಿಗಾಲ ಮೇಲೆ ನಿಂತು, ಮುಖ ಕೆಂಪಾಗಿಸಿಕೊಂಡು ಗಟ್ಟಿ ಹಿಡಿಯುತ್ತದೆ. ನೋಡಿದವರು ‘ಪಾಪ, ತಿಣುಕ್ತಿದೆ’ ಅಂದುಕೊಳ್ಳುತ್ತಾರೆ. ತಿಣುಕುತ್ತಿಲ್ಲ, ತಡೆಯುತ್ತಿದೆ. ನೂಕಲು ಮಗು ಕುಕ್ಕರಗಾಲಲ್ಲಿ ಕೂರುತ್ತದೆ. ನೆಟ್ಟಗೆ ನಿಂತು ಕುಂಡೆ ಬಿಗಿಹಿಡಿದರೆ ಅದು ತಡೆಯುವ ಭಂಗಿ.

ಒಳಗೆ ನಿಂತ ಮಲದಿಂದ ಕರುಳು ನೀರು ಹೀರುತ್ತಲೇ ಇರುತ್ತದೆ. ನಿಂತಷ್ಟೂ ಗಟ್ಟಿ, ದಪ್ಪ. ಮುಂದಿನ ಸಲ ಇನ್ನೂ ನೋವು, ಇನ್ನೂ ಬಿಗಿ ಹಿಡಿತ. ವಾರಗಟ್ಟಲೆ ಹೀಗಾದರೆ ಗುದನಾಳ ಹಳೇ ಚಡ್ಡಿಯ ಎಲಾಸ್ಟಿಕ್ ಥರ ಹಿಗ್ಗಿಹೋಗುತ್ತದೆ. ಹಿಗ್ಗಿದ ಮೇಲೆ ತುಂಬಿದ್ದು ಗೊತ್ತಾಗುವುದೇ ಇಲ್ಲ. ಆಗ ಗಟ್ಟಿ ಮಲದ ಪಕ್ಕದಿಂದ ತೆಳ್ಳನೆಯದು ಸೋರಿ ಚಡ್ಡಿ ಕೊಳೆಯಾಗುತ್ತದೆ. ಮನೆಯವರು ಭೇದಿ ಅಂದುಕೊಂಡು ಅದಕ್ಕೆ ಔಷಧ ಕೊಡುತ್ತಾರೆ, ಇಲ್ಲವೇ ‘ಇಷ್ಟು ದೊಡ್ಡವನಾಗಿ ನಾಚಿಕೆ ಆಗಲ್ವಾ’ ಅಂತ ಬೈಯುತ್ತಾರೆ. ನಿಜವಾದ ತೊಂದರೆ ಮಲಬದ್ಧತೆ. ಸೋರಿದ್ದು ಮಗುವಿಗೆ ಗೊತ್ತೂ ಆಗಿರುವುದಿಲ್ಲ. ತುಂಬಿದ ಗುದನಾಳ ಮೂತ್ರಕೋಶವನ್ನು ಒತ್ತುವುದರಿಂದ ಸುಸುವೂ ಆಗಾಗ ಜಾರುತ್ತದೆ, ಸೋಂಕೂ ಆಗಬಹುದು.

ಇದನ್ನು ಬಿಡಿಸುವುದಕ್ಕೆ ಕ್ರಮ ಇದೆ. ಮೊದಲು ಪಾಟಿ ಪಾಠ ನಿಲ್ಲಿಸಿ, ಡೈಪರ್ ಕೇಳಿದರೆ ಕೊಟ್ಟುಬಿಡಿ. ಇದು ಸೋಲು ಅನ್ನಿಸುತ್ತದೆ, ಆದರೆ ಕಕ್ಕ ಹೊರಗೆ ಬರುವುದು ಎಲ್ಲಿ ಬರುತ್ತದೆ ಅನ್ನುವುದಕ್ಕಿಂತ ಮುಖ್ಯ. ಎರಡನೆಯದು, ಮೆದು ಮಾಡುವುದು. ನೀರು, ಹಣ್ಣು, ತರಕಾರಿ, ನಾರಿನಂಶ. ಹಾಲು ಅತಿಯಾಗಿದ್ದರೆ ಕಡಿಮೆ ಮಾಡಿ, ಈ ವಯಸ್ಸಿಗೆ ದಿನಕ್ಕೆ ಅರ್ಧ ಲೀಟರ್ ಆಸುಪಾಸು ಸಾಕು. ಈಗಾಗಲೇ ಗಟ್ಟಿಯಾಗಿ ನಿಂತಿದ್ದರೆ ಊಟದಿಂದ ಮಾತ್ರ ಸರಿಹೋಗುವುದು ಕಷ್ಟ. ಡಾಕ್ಟರು ಮಲ ಮೆದು ಮಾಡುವ ಔಷಧ ಕೊಡುತ್ತಾರೆ, ಪಾಲಿಎಥಿಲೀನ್ ಗ್ಲೈಕಾಲ್ ಅದರಲ್ಲಿ ಹೆಚ್ಚು ಬಳಕೆಯದು. ಅದನ್ನು ಒಂದು ವಾರ ಕೊಟ್ಟು, ಸರಿಹೋಯಿತು ಅಂತ ನಿಲ್ಲಿಸುವವರೇ ಜಾಸ್ತಿ. ಹಿಗ್ಗಿದ ಗುದನಾಳ ಮೊದಲಿನಂತಾಗಲು ತಿಂಗಳುಗಳೇ ಬೇಕು. ಜೊತೆಗೆ, ಕಕ್ಕ ಮಾಡಿದರೆ ನೋಯುವುದಿಲ್ಲ ಅಂತ ಮಗು ಮತ್ತೆ ಮತ್ತೆ ಕಂಡು ನಂಬಬೇಕು. ಡಾಕ್ಟರ್ ಹೇಳುವವರೆಗೆ ನಿಲ್ಲಿಸಬೇಡಿ.

ಮೂರನೆಯದು ಕೂರುವ ಬಗೆ ಮತ್ತು ಹೊತ್ತು. ಊಟ ಹೊಟ್ಟೆಗೆ ಬಿದ್ದಾಗ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ. ಹಾಗಾಗಿ ಊಟವಾದ ಅರ್ಧ ಗಂಟೆಯೊಳಗೆ ಕೂರಿಸುವುದು ಸರಿಯಾದ ಸಮಯ. ಕಮೋಡಿನ ಮೇಲೆ ಕೂತ ಮಗುವಿನ ಕಾಲು ನೇತಾಡುತ್ತಿದ್ದರೆ ನೂಕಲು ಆಗುವುದಿಲ್ಲ. ಬೇಕಿದ್ದರೆ ನೀವೇ ಎತ್ತರದ ಸ್ಟೂಲ್ ಮೇಲೆ ಕೂತು ನೋಡಿ. ಕಾಲ ಕೆಳಗೆ ಒಂದು ಮಣೆ ಇಟ್ಟು, ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರುವ ಹಾಗೆ ಮಾಡಿ. ಬಿದ್ದುಹೋಗುವ ಭಯವೂ ಹೋಗುತ್ತದೆ.

ಆಮೇಲೆ ಮೆಲ್ಲಗೆ ಜಾಗ ಬದಲಿಸಿ. ಮೊದಲು ಡೈಪರ್ ಹಾಕಿಕೊಂಡೇ, ಆದರೆ ಬಚ್ಚಲಮನೆಯಲ್ಲಿ. ಆಮೇಲೆ ಡೈಪರ್ ಹಾಕಿಕೊಂಡೇ ಪಾಟಿ ಮೇಲೆ ಕೂತು. ಆಮೇಲೆ ಡೈಪರ್ ಸಡಿಲ ಮಾಡಿ. ಒಂದೊಂದು ಹೆಜ್ಜೆಗೂ ಮಗು ನಿರಾಳವಾಗುವವರೆಗೆ ಕಾಯಿರಿ. ಫ್ಲಶ್ ಸದ್ದಿಗೆ ಹೆದರುವ ಮಕ್ಕಳೂ ಇದ್ದಾರೆ. ತನ್ನ ಮೈಯಿಂದ ಬಂದದ್ದು ನೀರಿನ ಜೊತೆ ಮಾಯವಾಗುವುದು ಕೆಲವಕ್ಕೆ ಗಾಬರಿ. ಅಂಥ ಮಗು ಆಚೆ ಹೋದ ಮೇಲೆ ಫ್ಲಶ್ ಮಾಡಿದರಾಯಿತು.

## ಕಲಿತದ್ದು ಮರೆತ ಹಾಗೆ ಆದರೆ

ಮೂರು ತಿಂಗಳಿಂದ ಚಡ್ಡಿ ಒದ್ದೆ ಮಾಡದಿದ್ದ ಮಗು ಮತ್ತೆ ಒದ್ದೆ ಮಾಡಿಕೊಳ್ಳಲು ಶುರು ಮಾಡುತ್ತದೆ. ತಮ್ಮನೋ ತಂಗಿಯೋ ಹುಟ್ಟಿರಬಹುದು, ಹೊಸ ಸ್ಕೂಲ್ ಇರಬಹುದು, ಜ್ವರ ಬಂದು ಹೋಗಿರಬಹುದು. ರಚ್ಚೆಯೂ ಇದೇ ಹೊತ್ತಿಗೆ ಜಾಸ್ತಿ ಆಗುವುದುಂಟು. ಕೆಲವು ವಾರದಲ್ಲಿ ಸರಿಹೋಗುತ್ತದೆ. ಆದರೆ ಸುಸು ಮಾಡುವಾಗ ಉರಿ, ಜ್ವರ, ಪದೇ ಪದೇ ಹೋಗುವುದು ಇದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ಹಾಗೇ ಕಕ್ಕ ಎಷ್ಟು ದಿನಕ್ಕೊಮ್ಮೆ ಆಗುತ್ತಿದೆ ಅಂತಲೂ ನೋಡಿ.

## ರಾತ್ರಿಯದು ಬೇರೆಯೇ ಲೆಕ್ಕ

ಹಗಲು ಕಲಿತ ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿದರೆ ಪಾಠ ಅರ್ಧಕ್ಕೆ ನಿಂತಿದೆ ಅಂತಲ್ಲ. ರಾತ್ರಿ ಒಣಗಿರುವುದು ಕಲಿಸಿ ಬರುವುದಲ್ಲ, ಬೆಳೆದು ಬರುವುದು. ರಾತ್ರಿ ಮೂತ್ರ ಕಡಿಮೆ ಮಾಡುವ ವಾಸೊಪ್ರೆಸಿನ್ ಎಂಬ ಹಾರ್ಮೋನು ಸಾಕಷ್ಟು ಬರಬೇಕು, ಮೂತ್ರಕೋಶ ಹಿಗ್ಗಬೇಕು, ತುಂಬಿದಾಗ ನಿದ್ದೆಯಿಂದ ಎಚ್ಚರವಾಗಬೇಕು. 5 ವರ್ಷದ ಮಕ್ಕಳಲ್ಲೂ ನೂರಕ್ಕೆ ಸುಮಾರು 15 ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ. ಅಪ್ಪ ಅಥವಾ ಅಮ್ಮನಿಗೆ ಚಿಕ್ಕಂದಿನಲ್ಲಿ ಇದ್ದಿದ್ದರೆ ಮಗುವಿಗೂ ಬರುವ ಸಂಭವ ಹೆಚ್ಚು. ಮನೆಯ ಹಿರಿಯರನ್ನು ಕೇಳಿ ನೋಡಿ, ಕೆಲವು ಅಪ್ಪಂದಿರ ಗುಟ್ಟು ಹೊರಬೀಳುತ್ತದೆ.

5 ವರ್ಷ ತುಂಬುವವರೆಗೆ ಡಾಕ್ಟರುಗಳು ಇದನ್ನು ತೊಂದರೆ ಅಂತಲೇ ಎಣಿಸುವುದಿಲ್ಲ. ಮಲಗುವ ಮುಂಚೆ ಒಮ್ಮೆ ಸುಸು ಮಾಡಿಸಿ, ಹಾಸಿಗೆಗೆ ನೀರು ಇಳಿಯದ ಹೊದಿಕೆ ಹಾಕಿ, ಬೇಕಾದರೆ ರಾತ್ರಿ ಮಾತ್ರ ಡೈಪರ್ ಹಾಕಿ. ಹಗಲು ನೀರು ಕಡಿಮೆ ಮಾಡಬೇಡಿ, ಅದರಿಂದ ಮಲಬದ್ಧತೆ ಮತ್ತೆ ಶುರುವಾಗುತ್ತದೆ. 6 ತಿಂಗಳು ರಾತ್ರಿಯೂ ಹಾಸಿಗೆ ಒದ್ದೆ ಮಾಡದಿದ್ದ ಮಗು ಮತ್ತೆ ಒದ್ದೆ ಮಾಡಲು ಶುರು ಮಾಡಿದರೆ ಡಾಕ್ಟರಿಗೆ ತೋರಿಸಿ. ಅದರ ಜೊತೆ ವಿಪರೀತ ಬಾಯಾರಿಕೆ ಇದ್ದು, ತೂಕ ಇಳಿಯುತ್ತಿದ್ದರೆ ಅದೇ ದಿನ ಹೋಗಿ. ಸಕ್ಕರೆ ಕಾಯಿಲೆ ಇದೆಯಾ ಅಂತ ನೋಡಬೇಕಾಗುತ್ತದೆ.